ಪರೀಕ್ಷೆಯಲ್ಲಿ ಪೂರ್ತಿ ಅಂಕ, ತೊಗರಿ ಬೇರು ನೋಡಿ ‘ರೋಗ’ ಅಂದ ಹುಡುಗ: ಖಾಸಗಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಗೆ ಕಲಿಸುತ್ತೀರಿ?

ಸಿಬಿಝಡ್ ಅಕ್ಕೋರು, ಕಲಬುರಗಿ · ಆಗಸ್ಟ್ 16, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ಅನುದಾನರಹಿತ ಹೈಸ್ಕೂಲಿನಲ್ಲಿ ಮೂರು ವರ್ಷದಿಂದ ಜೀವಶಾಸ್ತ್ರ ಹೇಳುತ್ತಿದ್ದೇನೆ. ಇಂಗ್ಲಿಷ್ ಮಾಧ್ಯಮ. ಎಂಟು, ಒಂಬತ್ತು, ಹತ್ತು ಮೂರೂ ತರಗತಿ ನನ್ನದೇ. ರಸಾಯನಶಾಸ್ತ್ರವೂ ಅರ್ಧ ನನಗೇ ಬಂದಿದೆ. ವಾರಕ್ಕೆ 34 ಪೀರಿಯಡ್.

ಹೋದ ವಾರ ಎಂಟನೇ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠ ಮುಗಿಸಿ ಕಿರುಪರೀಕ್ಷೆ ಕೊಟ್ಟೆ. ದ್ವಿದಳ ಧಾನ್ಯದ ಬೇರಿನಲ್ಲಿ ನೈಟ್ರೋಜನ್ ಸ್ಥಿರೀಕರಣ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆಗೆ ಒಬ್ಬ ಹುಡುಗ ನಾಲ್ಕಕ್ಕೆ ನಾಲ್ಕು ತೆಗೆದ. ಬೇರಿನ ಗಂಟಿನಲ್ಲಿದ್ದು ಗಾಳಿಯ ನೈಟ್ರೋಜನ್ನನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುವ ಬ್ಯಾಕ್ಟೀರಿಯಾ ರೈಜೋಬಿಯಂ; ಅದರ ಕಾಗುಣಿತವೂ ಸರಿ, ಚಿತ್ರವೂ ಚೆಂದ. ಮರುದಿನ ರಿಂಗ್ ರೋಡಿನ ಪಕ್ಕದ ಹೊಲದವರನ್ನು ಕೇಳಿ ಒಂದು ತೊಗರಿ ಗಿಡ ಕಿತ್ತುಕೊಂಡು ಹೋದೆ. ಮೇಜಿನ ಮೇಲೆ ಹಳೆ ಪೇಪರ್ ಹಾಸಿ ಇಟ್ಟೆ. ಬೇರಿನಲ್ಲಿ ನಾಲ್ಕೈದು ಗಂಟು ಕಾಣುತ್ತಿದ್ದವು. ‘ಇದೇನು?’ ಅಂತ ಅದೇ ಹುಡುಗನನ್ನು ಕೇಳಿದೆ. ಅವನು ಬಗ್ಗಿ ನೋಡಿ, ‘ರೋಗ ಹತ್ಯದ್ರಿ ಮೇಡಂ. ಕಿತ್ತು ಒಗೀಬೇಕ್ರಿ’ ಅಂದ.

ಅವನ ಅಪ್ಪನಿಗೆ ಎಂಟು ಎಕರೆ ತೊಗರಿ ಇದೆ. ಹುಡುಗ ಪ್ರತಿ ಭಾನುವಾರ ಹೊಲಕ್ಕೆ ಹೋಗುತ್ತಾನೆ. ತರಗತಿಯ 46 ಮಕ್ಕಳಲ್ಲಿ ಒಬ್ಬರೂ ಹಾಳೆಯಲ್ಲಿ ಬರೆದ ಗಂಟೂ ಮೇಜಿನ ಮೇಲಿದ್ದ ಗಂಟೂ ಒಂದೇ ಅನ್ನಲಿಲ್ಲ. ಮನೆಗೆ ಬಂದ ಮೇಲೆ ತುಂಬಾ ಬೇಜಾರಾಯಿತು. ಇಷ್ಟು ದಿನ ನಾನು ಕಲಿಸಿದ್ದಾದರೂ ಏನು ಅನ್ನಿಸಿತು.

ನಮ್ಮಲ್ಲಿ ಲ್ಯಾಬ್ ಅಂದರೆ ಒಂದು ಬೀರು. ಒಳಗೆ ಎರಡು ಮೈಕ್ರೋಸ್ಕೋಪ್, ಒಂದರ ಕನ್ನಡಿ ಒಡೆದಿದೆ. ಬೀಗದ ಕೈ ಆಫೀಸಿನಲ್ಲಿ. ಅಡ್ಮಿಶನ್ ಸಮಯದಲ್ಲಿ ಪಾಲಕರು ಬಂದಾಗ ಬೀರು ತೆರೆದಿರುತ್ತದೆ, ಆಮೇಲೆ ಇಲ್ಲ. ಹತ್ತನೆಯವರ ಪೋರ್ಷನ್ ನವೆಂಬರ್ ಒಳಗೆ ಮುಗಿಯಬೇಕು. ಮುಂದೆಲ್ಲ ಹಳೆ ಪ್ರಶ್ನೆಪತ್ರಿಕೆ, ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ). 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಶೇ 50.59ಕ್ಕೆ ರಾಜ್ಯದಲ್ಲೇ ಕೊನೆ ಬಂತು. 2025ರ ಮೊದಲ ಪರೀಕ್ಷೆಯಲ್ಲಿ ಆ ಸ್ಥಾನ ನಮ್ಮ ಕಲಬುರಗಿಗೆ, ಶೇ 42.43. ಅಂದಿನಿಂದ ಮೀಟಿಂಗ್ ಮೇಲೆ ಮೀಟಿಂಗ್. ಎಲ್ಲ ಮೀಟಿಂಗಿನಲ್ಲೂ ಒಂದೇ ಮಾತು: ಇನ್ನಷ್ಟು ಬರೆಸಿ, ಇನ್ನಷ್ಟು ಬಾಯಿಪಾಠ ಮಾಡಿಸಿ.

ಬಾಯಿಪಾಠ ಆಗಿಯೂ ಹೀಗಾಯಿತಲ್ಲ, ಅದಕ್ಕೇ ಕೇಳುತ್ತಿದ್ದೇನೆ. 40 ನಿಮಿಷ, 46 ಮಕ್ಕಳು, ಲ್ಯಾಬ್ ಇಲ್ಲ. ನೀವು ಹೇಗೆ ಮಾಡುತ್ತೀರಿ?

---

ಹಳೆ ಮಾಸ್ತರ, ಬೀದರ್ · ಆಗಸ್ಟ್ 16, ರಾತ್ರಿ 10:25

ಅಕ್ಕೋರೆ, ಮೊದಲು ಒಂದು ಮಾತು. ಗಿಡ ಹಿಡಿದುಕೊಂಡು ತರಗತಿಗೆ ಹೋದಿರಲ್ಲ, ಅದಕ್ಕೇ ನಿಮಗೆ ಇದು ಗೊತ್ತಾಯಿತು. ತಗೊಂಡು ಹೋಗದಿದ್ದರೆ ನಾಲ್ಕಕ್ಕೆ ನಾಲ್ಕು ಅಂತ ಖುಷಿಯಾಗಿ ಇರುತ್ತಿದ್ದಿರಿ. ನಾನು 22 ವರ್ಷದಿಂದ ಖಾಸಗಿ ಶಾಲೆಯಲ್ಲೇ ಇದ್ದೇನೆ. ಮೊದಲ ಆರು ವರ್ಷ ನಾನು ಹಾಗೇ ಖುಷಿಯಾಗಿದ್ದೆ.

ಮುಂದಿನ ಸಲ ಗಿಡ ಕೀಳಬೇಡಿ. ಎರೆಮಣ್ಣು ಬೇರನ್ನು ಬಿಗಿಯಾಗಿ ಹಿಡಿದಿರುತ್ತದೆ. ಕಿತ್ತರೆ ತಾಯಿಬೇರಷ್ಟೇ ಕೈಗೆ ಬರುತ್ತದೆ, ಗಂಟೆಲ್ಲ ಮಣ್ಣಿನಲ್ಲೇ ಉಳಿಯುತ್ತದೆ. ಮಳೆಯಾದ ಮರುದಿನ ಗಿಡದ ಸುತ್ತ ಒಂದು ಗೇಣು ಬಿಟ್ಟು ಸಲಿಕೆ ಹಾಕಿ ಹೆಂಟೆ ಸಮೇತ ಎತ್ತಿ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಡಿ. ಉಜ್ಜಬೇಡಿ, ಸುಮ್ನೆ ಅಲ್ಲಾಡಿಸಿ. ಮಣ್ಣು ತಾನೇ ಕರಗಿ ಇಳಿಯುತ್ತದೆ. ಆಗ ನೋಡಿ ಎಷ್ಟು ಗಂಟು ಇವೆ ಅಂತ. ಬಿತ್ತಿ 40-50 ದಿನ ಆದ ಗಿಡ ಒಳ್ಳೆಯದು, ಅಂದರೆ ಈಗಲೇ. ಹೂ ಬಂದ ಮೇಲೆ ಗಂಟು ಮುದಿಯಾಗುತ್ತವೆ.

ಆಮೇಲೆ ಬ್ಲೇಡ್ ತಗೊಂಡು ಒಂದು ಗಂಟನ್ನು ಎರಡು ಹೋಳು ಮಾಡಿ. ಒಳಗೆ ತೆಳು ಕೆಂಪು, ಹೆಚ್ಚುಕಡಿಮೆ ನಮ್ಮ ವಸಡಿನ ಬಣ್ಣ. ಅದು ಲೆಗ್‌ಹೀಮೋಗ್ಲೋಬಿನ್. ನಮ್ಮ ರಕ್ತದ ಹೀಮೋಗ್ಲೋಬಿನ್‌ಗೆ ಹತ್ತಿರದ ಸಂಬಂಧಿ. ಬ್ಯಾಕ್ಟೀರಿಯಾದ ಕೆಲಸಕ್ಕೆ ಆಕ್ಸಿಜನ್ ಅಡ್ಡ ಬರುತ್ತದೆ, ಅದನ್ನು ಹಿಡಿದಿಟ್ಟುಕೊಳ್ಳುವುದು ಇದರ ಕೆಲಸ. ಒಳಗೆ ಕೆಂಪಿದ್ದರೆ ಗಂಟು ದುಡಿಯುತ್ತಿದೆ. ಬಿಳಿ ಇದ್ದರೆ ಇನ್ನೂ ಎಳೆಯದು ಅಥವಾ ಕೆಲಸಕ್ಕೆ ಬಾರದ್ದು. ಹಸಿರು, ಕಂದು ಆಗಿದ್ದರೆ ಅದರ ಕಾಲ ಮುಗಿಯಿತು. ಈ ಕೆಂಪು ನೋಡಿದ ಮಗು ಈ ಪಾಠ ಮರೆತದ್ದನ್ನು ನಾನು ಕಂಡಿಲ್ಲ.

ನಮ್ಮ ಬೀದರ್ ಕಡೆ ಸೋಯಾ ಜಾಸ್ತಿ. ಸೋಯಾ ಗಂಟು ಮೆಣಸಿನ ಕಾಳಿನಷ್ಟಿರುತ್ತವೆ, ಹಿಂದಿನ ಬೆಂಚಿಗೂ ಕಾಣುತ್ತವೆ. ಸಿಕ್ಕರೆ ಅದನ್ನೇ ತನ್ನಿ.

---

ತೊಗರಿ ಹೊಲ, ಜೇವರ್ಗಿ · ಆಗಸ್ಟ್ 17, ಬೆಳಗ್ಗೆ 6:10

ನಾನು ಶಿಕ್ಷಕ ಅಲ್ಲ. ಕೃಷಿ ಪದವಿ ಮುಗಿಸಿ ಊರಲ್ಲೇ ಬೇಸಾಯ ಮಾಡುತ್ತಿದ್ದೇನೆ. ಆ ಹುಡುಗನ ಪರವಾಗಿ ಎರಡು ಮಾತು ಹೇಳಲೇಬೇಕು.

ಅವನು ಹೇಳಿದ್ದು ಪೂರ್ತಿ ತಪ್ಪಲ್ಲ ಮೇಡಂ. ಬೇರಿನಲ್ಲಿ ಗಂಟು ಬರುವ ರೋಗವೂ ಇದೆ. ಜಂತುಹುಳ ಅನ್ನುತ್ತೇವಲ್ಲ, ಕಣ್ಣಿಗೆ ಕಾಣದ ಸಣ್ಣ ದುಂಡುಹುಳ, ಅದರಿಂದ ಬರುತ್ತದೆ. ಬದನೆ, ಟೊಮೆಟೊ ಬೆಳೆಯುವವರ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೇರು ಗಂಟುಗಂಟಾದರೆ ಕಿತ್ತು ಸುಡು ಅನ್ನುತ್ತಾರೆ. ಹುಡುಗ ಮನೆಯ ತರಕಾರಿ ಮಡಿಯಲ್ಲಿ ಅದನ್ನೇ ನೋಡಿರಬಹುದು. ನೀವು ಪರೀಕ್ಷೆಯಲ್ಲಿ ಕೇಳಿದಾಗ ಪುಸ್ತಕದಿಂದ ಉತ್ತರ ತೆಗೆದ. ಗಿಡ ತೋರಿಸಿ ಕೇಳಿದಾಗ ಹೊಲದಿಂದ ತೆಗೆದ. ಅವನ ತಲೆಯಲ್ಲಿ ಎರಡೂ ಇವೆ.

ಎರಡನ್ನೂ ಬೇರೆ ಮಾಡುವುದು ಸುಲಭ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಕಳಚಿ ಬರುತ್ತದೆ, ಒಳಗೆ ಕೆಂಪು. ಹುಳದ ಗಂಟು ಹಾಗಲ್ಲ. ಅಲ್ಲಿ ಬೇರು ತಾನೇ ಊದಿಕೊಂಡಿರುತ್ತದೆ. ಕಳಚಲು ಹೋದರೆ ಬೇರೇ ಹರಿಯುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಅವನಿಗೇ ಕೇಳಿ, ‘ಯಾವುದು ಒಗೀಬೇಕು, ಯಾವುದು ಇರಬೇಕು?’ ಅಂತ.

ಇನ್ನೊಂದು. ಹತ್ತನೆಯವರಿಗೆ ಸಸ್ಯದಲ್ಲಿ ನೀರು ಸಾಗಣೆ ಪಾಠ ಇದೆ ಅಲ್ವಾ? ಅದಕ್ಕೆ ನೆಟೆ ರೋಗದ ತೊಗರಿ ಗಿಡಕ್ಕಿಂತ ಒಳ್ಳೆಯ ಚಾರ್ಟ್ ಇಲ್ಲ. ಹೊಲದಲ್ಲಿ ತೇವ ಇರುತ್ತದೆ, ಗಿಡ ಮಾತ್ರ ಬಾಡಿ ನಿಂತಿರುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗೆ ಕಪ್ಪು ಗೆರೆ ಕಾಣುತ್ತದೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ಕ್ಸೈಲಂ ನಾಳವನ್ನೇ ಕಟ್ಟಿಬಿಟ್ಟಿರುತ್ತದೆ. ನೀರು ಹತ್ತುವ ದಾರಿ ಬಂದ್. ಇದರಿಂದ ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆ ಸಾಲದಲ್ಲಿ ಬಿದ್ದಿವೆ ಅಂತ ಮಕ್ಕಳಿಗೆ ಗೊತ್ತು. ಆ ಕಪ್ಪು ಗೆರೆಯ ಹೆಸರು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ನೋಡಿದ ಮೇಲೆ ಆ ಗಿಡವನ್ನು ಸುಟ್ಟುಬಿಡಿ. ಎಲ್ಲೆಂದರಲ್ಲಿ ಎಸೆದರೆ ರೋಗ ಆ ಮಣ್ಣಿಗೂ ಹೋಗುತ್ತದೆ.

---

ಸಿಬಿಝಡ್ ಅಕ್ಕೋರು, ಕಲಬುರಗಿ · ಆಗಸ್ಟ್ 17, ಬೆಳಗ್ಗೆ 7:30

ಅಣ್ಣಾ, ನಿಮ್ಮ ಮಾತು ಓದಿ ಚಹಾ ಆರಿ ಹೋಯಿತು. ಅವನು ‘ರೋಗ’ ಅಂದಾಗ ‘ಯಾಕೆ ಹಾಗೆ ಅನ್ನಿಸಿತು?’ ಅಂತ ನಾನು ಕೇಳಲೇ ಇಲ್ಲ. ‘ನಿನ್ನೆ ತಾನೇ ಬರೆದಿದ್ದೀಯಲ್ಲೋ’ ಅಂತ ಎಲ್ಲರ ಮುಂದೆ ಅಂದೆ. ಹುಡುಗರು ನಕ್ಕರು. ಅವನು ತಲೆ ತಗ್ಗಿಸಿ ಕೂತ. ಸೋಮವಾರ ಮೊದಲು ಅವನ ಹತ್ತಿರ ಹೋಗುತ್ತೇನೆ.

---

ಪಾಲಕ, ಸೇಡಂ ರಸ್ತೆ · ಆಗಸ್ಟ್ 17, ಮಧ್ಯಾಹ್ನ 1:15

ನಿಮ್ಮ ಕಾಳಜಿ ಅರ್ಥವಾಗುತ್ತದೆ ಮೇಡಂ. ಆದರೆ ಪಾಲಕರ ಕಡೆಯಿಂದಲೂ ಸ್ವಲ್ಪ ನೋಡಿ. ನನ್ನ ಮಗಳು ಒಂಬತ್ತನೇ ಕ್ಲಾಸ್. ಡಾಕ್ಟರ್ ಆಗಬೇಕು ಅನ್ನುತ್ತಾಳೆ. ನೀಟ್‌ನಲ್ಲಿ 720 ಅಂಕಕ್ಕೆ 360 ಜೀವಶಾಸ್ತ್ರದ್ದೇ. ನಾನು ಕಿರಾಣಿ ಅಂಗಡಿ ನಡೆಸುವವನು. ಹಣ ಕಟ್ಟಿ ಸೀಟು ಕೊಡಿಸುವ ಶಕ್ತಿ ನನಗಿಲ್ಲ. ಸರ್ಕಾರಿ ಸೀಟೇ ಬರಬೇಕು. ಅದಕ್ಕೇ ಎಂಟನೆಯಿಂದಲೇ ಫೌಂಡೇಶನ್ ಇರುವ ಶಾಲೆಗೆ ಹಾಕಿದ್ದು. ಮಕ್ಕಳನ್ನು ಮಣ್ಣಿನಲ್ಲಿ ಆಡಿಸಿದರೆ ಆ ಪ್ರಶ್ನೆಗಳನ್ನು ಬಿಡಿಸುವುದು ಯಾವಾಗ?

---

ಹಳೆ ಮಾಸ್ತರ, ಬೀದರ್ · ಆಗಸ್ಟ್ 17, ಸಂಜೆ 5:50

ಸರ್, ನಿಮ್ಮ ಚಿಂತೆ ನನಗೆ ಹೊಸದಲ್ಲ. ನನ್ನ ಎಷ್ಟೋ ಮಕ್ಕಳ ಅಪ್ಪ-ಅಮ್ಮ ಇದೇ ಮಾತು ಕೇಳಿದ್ದಾರೆ. ನೀಟ್ ಪ್ರಶ್ನೆಗಳನ್ನು ಒಮ್ಮೆ ಬಿಡಿಸಿ ನೋಡಿ. ಈಗ ಹೇಳಿಕೆ-ಕಾರಣದ ಪ್ರಶ್ನೆ, ಹೊಂದಿಸುವ ಪ್ರಶ್ನೆ ಜಾಸ್ತಿ. ‘ಹೇಳಿಕೆ ಸರಿ, ಕಾರಣವೂ ಸರಿ, ಆದರೆ ಈ ಕಾರಣ ಆ ಹೇಳಿಕೆಗೆ ಸರಿಹೊಂದುವುದಿಲ್ಲ’ ಅಂತ ಇರುತ್ತದೆ. ಕಾರಣ ಯೋಚಿಸದೆ ಬರೀ ವಾಕ್ಯ ಬಾಯಿಪಾಠ ಮಾಡಿದವರು ಅಲ್ಲೇ ಎಡವುತ್ತಾರೆ. ಎಂಟನೆಯಲ್ಲಿ ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಟಿಕ್ ಹಾಕುವುದನ್ನೇ ಕಲಿತ ಮಕ್ಕಳು ಪಿಯುಸಿಗೆ ಹೋಗಿ ‘ಯಾಕೆ’ ಅಂದಾಗ ನಿಂತುಬಿಡುತ್ತಾರೆ. ಇದನ್ನು ಕಣ್ಣಾರೆ ನೋಡಿದ್ದೇನೆ.

ಹಾಗಂತ ಪ್ರಶ್ನೆ ಬಿಡಿಸುವುದು ಬೇಡ ಅನ್ನುತ್ತಿಲ್ಲ. ಮಗಳಿಗೆ ಎರಡೂ ಬೇಕು. ಇಂದು ರಾತ್ರಿ ಒಂದು ಕೆಲಸ ಮಾಡಿ. ಅಂಗಡಿಯಿಂದ ಎಲೆ-ಅಡಿಕೆ ಸುಣ್ಣ ಒಂದು ಚಮಚ ತಗೊಂಡು ಒಂದು ಲೋಟ ನೀರಿನಲ್ಲಿ ಕದಡಿ ಇಟ್ಟುಬಿಡಿ. ಬೆಳಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಮಗಳು ಸ್ಟ್ರಾದಿಂದ ಅದಕ್ಕೆ ಮೆಲ್ಲಗೆ ಊದಲಿ. ಹೀರಬಾರದು, ಊದುವುದಷ್ಟೇ, ಇದನ್ನು ಗಟ್ಟಿಯಾಗಿ ಹೇಳಿ. ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅವಳ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅದು. ಮೆಟ್ಟಿಲು ಹತ್ತಿ ಇಳಿದು ಬಂದು ಇನ್ನೊಂದು ಲೋಟಕ್ಕೆ ಊದಲಿ. ಎಷ್ಟು ಬೇಗ ಬೆಳ್ಳಗಾಯಿತು, ಯಾಕೆ ಅಂತ ನೀವೇ ಕೇಳಿ. ನೀವು ವಿಜ್ಞಾನ ಓದಿರಬೇಕಿಲ್ಲ.

ಅಕ್ಕೋರೆ, ನಿಮ್ಮ ಬೀರು ತೆರೆಯದಿದ್ದರೂ ನಡೆಯುತ್ತದೆ. ಎಲೆಯ ಕೆಳಮೈಗೆ ಬಣ್ಣ ಇಲ್ಲದ ನೈಲ್ ಪಾಲಿಶ್ ಹಚ್ಚಿ ಒಣಗಿಸಿ, ಅದರ ಮೇಲೆ ಸೆಲ್ಲೋಟೇಪ್ ಒತ್ತಿ ಎತ್ತಿ. ಪತ್ರರಂಧ್ರಗಳ ಅಚ್ಚು ಟೇಪಿಗೆ ಬರುತ್ತದೆ. ಕನ್ನಡಿ ಒಡೆಯದ ಆ ಒಂದು ಮೈಕ್ರೋಸ್ಕೋಪ್ ಸಾಕು. ಅದೂ ಸಿಗದಿದ್ದರೆ ಫೋಲ್ಡ್‌ಸ್ಕೋಪ್ ತರಿಸಿ. ಮನು ಪ್ರಕಾಶ್ ಅವರ ತಂಡ ಮಾಡಿದ ಕಾಗದದ ಸೂಕ್ಷ್ಮದರ್ಶಕ, ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಮಡಚಿ ಕಂಪಾಸ್ ಪೆಟ್ಟಿಗೆಯ ಪಕ್ಕ ಇಟ್ಟುಕೊಂಡು ಹೋಗಬಹುದು. ಪಿಷ್ಟದ ಪರೀಕ್ಷೆಗೆ ಅಯೋಡಿನ್ ಇಲ್ಲ ಅಂದರೆ ಮೆಡಿಕಲ್ ಶಾಪಿನ ಬೆಟಾಡಿನ್ ದ್ರಾವಣಕ್ಕೆ ನೀರು ಬೆರೆಸಿ. ಅನ್ನದ ಅಗುಳಿನ ಮೇಲೆ ಒಂದು ಹನಿ ಹಾಕಿದರೆ ಕಡುನೀಲಿ ಆಗುತ್ತದೆ.

---

ಸುರಪುರದ ಟೀಚರ್, ಯಾದಗಿರಿ ಜಿಲ್ಲೆ · ಆಗಸ್ಟ್ 17, ರಾತ್ರಿ 9:05

ಬೇರು, ಎಲೆ ಎಲ್ಲ ಸರಿ. ನಮ್ಮ ವಿಷಯದಲ್ಲಿ ಇನ್ನೊಂದು ಪಾಠ ಇದೆಯಲ್ಲ, ಯಾರೂ ಮಾತಾಡುತ್ತಿಲ್ಲ. ಹತ್ತನೆಯ ಸಂತಾನೋತ್ಪತ್ತಿ ಪಾಠ. ನಾನೂ ಖಾಸಗಿ ಶಾಲೆಯಲ್ಲೇ ಇರುವವಳು. ಸೇರಿದ ವರ್ಷ ‘ಅದನ್ನು ಮನೆಯಲ್ಲೇ ಓದಿಕೊಳ್ಳಲಿಕ್ಕೆ ಹೇಳಿ ಮೇಡಂ, ಪಾಲಕರು ಬಂದು ಜಗಳ ತೆಗೀತಾರೆ’ ಅಂದರು. ನಾನೂ ಹಾಗೇ ಮಾಡಿದೆ. ಹೂವಿನ ಭಾಗ ಬಿಡಿಸಿ ತೋರಿಸಿ, ಮನುಷ್ಯರ ಭಾಗ ಬಂದಾಗ ಪುಟ ತಿರುಗಿಸಿದೆ.

ಆ ವರ್ಷ ನನ್ನ ತರಗತಿಯ ಒಬ್ಬ ಹುಡುಗಿ ದಸರಾ ರಜೆ ಮುಗಿದ ಮೇಲೆ ಬರಲೇ ಇಲ್ಲ. ಮದುವೆ ಮಾಡಿದ್ದರು. ಆಮೇಲೆ ನನಗೆ ಎಷ್ಟೋ ದಿನ ನಿದ್ದೆ ಬರಲಿಲ್ಲ. ಅವಳ ದೇಹದ ಬಗ್ಗೆ ಅವಳಿಗೆ ಹೇಳಬೇಕಾದ ಪಾಠ ನನ್ನ ಕೈಯಲ್ಲಿತ್ತು, ನಾನು ಹೇಳಲಿಲ್ಲ.

ಮರುವರ್ಷದಿಂದ ಬಿಟ್ಟಿಲ್ಲ. ಒಂದು ಬೂಟಿನ ಡಬ್ಬಿಗೆ ತೂತು ಮಾಡಿ ಕಿಟಕಿಯಲ್ಲಿ ಇಡುತ್ತೇನೆ. ಹೆಸರು ಬರೆಯದೆ ಚೀಟಿ ಹಾಕಬೇಕು. ಹುಡುಗರೂ ಹುಡುಗಿಯರೂ ಎಲ್ಲರೂ ಹಾಕಲೇಬೇಕು, ಪ್ರಶ್ನೆ ಇಲ್ಲದಿದ್ದರೆ ಖಾಲಿ ಚೀಟಿ. ಆಗ ಯಾರದು ಯಾವುದು ಗೊತ್ತಾಗುವುದಿಲ್ಲ. ಪುಸ್ತಕದಲ್ಲಿರುವ ಶಬ್ದವನ್ನೇ ಬಳಸುತ್ತೇನೆ. ಹೃದಯ, ಮೂತ್ರಪಿಂಡ ಅಂತ ಯಾವ ದನಿಯಲ್ಲಿ ಹೇಳುತ್ತೇನೋ ಅದೇ ದನಿಯಲ್ಲಿ. ನಾನು ದನಿ ತಗ್ಗಿಸಿದರೆ ಮಕ್ಕಳು ನಗುತ್ತಾರೆ. ತಗ್ಗಿಸದಿದ್ದರೆ ಎರಡು ನಿಮಿಷದಲ್ಲಿ ಸುಮ್ಮನಾಗಿ ಬರೆದುಕೊಳ್ಳುತ್ತಾರೆ.

ಹೋದ ವರ್ಷ ಒಂದು ಚೀಟಿ ಬಂತು. ‘ನಮ್ಮ ಅವ್ವ ಮೂರೂ ಹೆಣ್ಣೇ ಹಡದಾಳಂತ ಅಜ್ಜಿ ದಿನಾ ಬೈತಾಳ. ತಪ್ಪು ಯಾರದು?’ ನಾನು ಓದಿ ಬೋರ್ಡಿನ ಮೇಲೆ ಬರೆದೆ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ಕ್ರೋಮೊಸೋಮ್. ತಂದೆಯ ವೀರ್ಯಾಣುಗಳಲ್ಲಿ ಅರ್ಧದಷ್ಟಕ್ಕೆ ಎಕ್ಸ್, ಇನ್ನರ್ಧಕ್ಕೆ ವೈ. ಎಕ್ಸ್ ಇರುವುದು ಮೊದಲು ಕೂಡಿದರೆ ಹೆಣ್ಣು, ವೈ ಇರುವುದು ಕೂಡಿದರೆ ಗಂಡು. ತಾಯಿಯ ಕೈಯಲ್ಲಿ ಏನೂ ಇಲ್ಲ, ತಂದೆಯ ಕೈಯಲ್ಲೂ ಇಲ್ಲ, ತಪ್ಪು ಯಾರದೂ ಅಲ್ಲ. ಇಡೀ ತರಗತಿ ಗಪ್ಪಾಗಿತ್ತು. ಆ ದಿನ ಹುಡುಗಿಯರು ಆ ನಕ್ಷೆಯನ್ನು ತಿದ್ದಿ ತಿದ್ದಿ ಬರೆದುಕೊಂಡರು. ಯಾವ ಪಾಸಿಂಗ್ ಪ್ಯಾಕೇಜಿಗೂ ಅಷ್ಟು ಶ್ರದ್ಧೆ ಬಂದಿದ್ದಿಲ್ಲ.

ಪಾಲಕರು ಜಗಳಕ್ಕೆ ಬರುತ್ತಾರೆ ಅಂದಿದ್ದರಲ್ಲ, ಈವರೆಗೆ ಒಬ್ಬರೂ ಬಂದಿಲ್ಲ. ಇಬ್ಬರು ತಾಯಂದಿರು ಬಂದು ‘ಛಲೋ ಆತ್ರಿ ಅಕ್ಕೋರೆ, ನಮಗ ಹೇಳಲಾಕ ಬರಂಗಿಲ್ಲ’ ಅಂದು ಹೋದರು. ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳಿಗೂ ಆ ನಂಬರ್ ಬರೆಸಿ.

---

ಬಿ.ಎಡ್. ಎರಡನೇ ವರ್ಷ · ಆಗಸ್ಟ್ 18, ಬೆಳಗ್ಗೆ 8:20

ಇದೆಲ್ಲ ಓದಿ ನನಗೂ ಜೀವಶಾಸ್ತ್ರ ಕಲಿಸುವ ಆಸೆ ಹೆಚ್ಚಾಯಿತು. ಆದರೆ ಸಂಬಳ? ಪ್ರಾಕ್ಟೀಸ್ ಟೀಚಿಂಗಿಗೆ ಹೋದ ಶಾಲೆಯಲ್ಲಿ 12 ಸಾವಿರ ಅಂದರು. ರಜೆಯ ಎರಡು ತಿಂಗಳು ಇಲ್ಲವಂತೆ. ಅಂಕಪಟ್ಟಿ ಮೂಲ ಪ್ರತಿ ಆಫೀಸಿನಲ್ಲಿ ಇಡಬೇಕಂತೆ. ಹೀಗೇನಾ ಎಲ್ಲ ಕಡೆ?

---

ಲೆಕ್ಕದ ಸರ್, ಕಲಬುರಗಿ · ಆಗಸ್ಟ್ 18, ರಾತ್ರಿ 8:45

ತಂಗಿ, ಎಲ್ಲ ಕಡೆ ಹೀಗಿಲ್ಲ. ಆದರೆ ಬಹಳ ಕಡೆ ಹೀಗೇ. ನಾನು ಗಣಿತದವನು, ಆದರೂ ಈ ವಿಷಯದಲ್ಲಿ ಪೆಟ್ಟು ತಿಂದಿದ್ದೇನೆ. ನನ್ನ ಮೊದಲ ಶಾಲೆ ನನ್ನ ಮೂಲ ಅಂಕಪಟ್ಟಿಗಳನ್ನು ಎರಡು ವರ್ಷ ಇಟ್ಟುಕೊಂಡಿತ್ತು. ಅದೇ ಹೊತ್ತಿಗೆ ಒಂದು ಒಳ್ಳೆಯ ಸಂದರ್ಶನ ತಪ್ಪಿಹೋಯಿತು. ಮೂಲ ಪ್ರತಿ ಯಾರಿಗೂ ಕೊಡಬೇಡ. ತೋರಿಸು, ಜೆರಾಕ್ಸ್ ಕೊಡು, ಮೂಲ ಪ್ರತಿ ವಾಪಸ್ ತಗೊಂಡು ಬಾ. ಕೊಡಲೇಬೇಕು ಅಂದರೆ ಆ ಶಾಲೆ ಬೇಡ.

ನೇಮಕಾತಿ ಪತ್ರ ಕೇಳು. ಅದರಲ್ಲಿ ತಿಂಗಳ ಸಂಬಳ, ಸೇರಿದ ದಿನ ಇರಲಿ. ಸಂಬಳ ಬ್ಯಾಂಕಿಗೇ ಬರಲಿ. ಇಪ್ಪತ್ತು ಅಥವಾ ಅದಕ್ಕಿಂತ ಜಾಸ್ತಿ ಸಿಬ್ಬಂದಿ ಇದ್ದರೆ ಪಿಎಫ್ ಕಟ್ಟಲೇಬೇಕು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಬರಬೇಕಾದ ಇಡಿಗಂಟು, ಅದರ ಬಗ್ಗೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಆ ಕಾಯ್ದೆಯ 2009ರ ತಿದ್ದುಪಡಿಯಲ್ಲಿ ಶಿಕ್ಷಕರನ್ನೂ ಸೇರಿಸಿದರು, ಅದೂ 1997ರ ಏಪ್ರಿಲ್ 3ರಿಂದ ಅನ್ವಯ ಆಗುವಂತೆ. ಖಾಸಗಿ ಶಾಲೆಗಳವರು ಸುಪ್ರೀಂ ಕೋರ್ಟಿಗೆ ಹೋದರು. 2022ರ ಆಗಸ್ಟಿನಲ್ಲಿ ಕೋರ್ಟ್ ಶಿಕ್ಷಕರ ಪರವಾಗಿ ತೀರ್ಪು ಕೊಟ್ಟಿತು. ಐದು ವರ್ಷ ಬಿಡದೆ ಕೆಲಸ ಮಾಡಿ ಬಿಟ್ಟರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಬರಬೇಕು. ಹಳೆ ಮಾಸ್ತರರೇ, ನಿಮ್ಮ 22 ವರ್ಷದ ಲೆಕ್ಕ ಒಮ್ಮೆ ಹಾಕಿಕೊಳ್ಳಿ.

ಸರ್ಕಾರಿ ನೇಮಕಾತಿಗೆ ಅರ್ಜಿ ಹಾಕುವುದನ್ನೂ ಬಿಡಬೇಡ ತಂಗಿ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ, ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ. ಅಧಿಸೂಚನೆ ಬಂದ ಮೇಲೆ ಕಚೇರಿಯಲ್ಲಿ ಸಾಲು ಹತ್ತುತ್ತದೆ.

---

ಸಿಬಿಝಡ್ ಅಕ್ಕೋರು, ಕಲಬುರಗಿ · ಆಗಸ್ಟ್ 24, ಸಂಜೆ 6:30

ಸೋಮವಾರ ಆ ಹುಡುಗನ ಹತ್ತಿರ ಹೋದೆ. ‘ಅವತ್ತು ರೋಗ ಅಂದೆಯಲ್ಲ, ಅಂಥದ್ದು ಎಲ್ಲಿ ನೋಡಿದ್ದೆ?’ ಅಂದೆ. ಮೊದಲು ಮಾತಾಡಲಿಲ್ಲ. ಆಮೇಲೆ, ‘ನಮ್ಮ ಆಯಿ ಬದನಿಕಾಯಿ ಹಚ್ಚಿದ್ಳರಿ. ಅದರ ಬೇರಿನ್ಯಾಗ ಹಿಂಗೇ ಆಗಿತ್ತು. ಅಪ್ಪ ಎಲ್ಲಾ ಕಿತ್ತು ಸುಟ್ಟ’ ಅಂದ. ಜೇವರ್ಗಿ ಅಣ್ಣ ಹೇಳಿದ್ದು ಅಕ್ಷರಕ್ಷರ ನಿಜ. ‘ನಿನ್ನದು ತಪ್ಪಲ್ಲ, ನಾನು ಸರಿಯಾಗಿ ಕೇಳಲಿಲ್ಲ’ ಅಂತ ಎಲ್ಲರ ಮುಂದೆಯೇ ಹೇಳಿದೆ.

ಶುಕ್ರವಾರ ಅವನ ಅಪ್ಪ ಬೈಕಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಬಂದರು. ಹೆಂಟೆ ಸಮೇತ ಹನ್ನೆರಡು ತೊಗರಿ ಗಿಡ. ಪಕ್ಕದವರ ಬದನೆಯ ಎರಡು ಗಿಡ ಬೇರೆ ಚೀಲದಲ್ಲಿ. ಅಂಗಳದಲ್ಲಿ ಐದು ಬಕೆಟ್ ಇಟ್ಟೆವು. ಬ್ಲೇಡ್ ಮಕ್ಕಳ ಕೈಗೆ ಕೊಡಲಿಲ್ಲ, ನಾನೇ ಕೊಯ್ದೆ. ಕೆಂಪು ಕಂಡ ಕೂಡಲೇ ಮುಂದೆ ನಿಂತಿದ್ದ ಒಬ್ಬಳು ‘ಮೇಡಂ, ಗಿಡಕ್ಕೂ ರಕ್ತ ಇರ್ತದೇನ್ರಿ?’ ಅಂದಳು. 46 ತಲೆ ಒಂದೇ ಸಲ ಬಗ್ಗಿದವು. ಹುಡುಗ ಹೆಬ್ಬೆರಳಿನಿಂದ ಒತ್ತಿ ತೋರಿಸಿದ, ‘ಇದು ಕಳಚಲಾಕತ್ಯದ, ಇರಬೇಕು. ಇದು ಕಳಚವಲ್ದು, ಒಗೀಬೇಕು.’

ವರಾಂಡದ ತುಂಬ ಕೆಸರು. ಮುಖ್ಯ ಗುರುಗಳು ಬಂದರು. ನನಗೆ ಹೆದರಿಕೆ ಆಯಿತು. ಅವರು ಐದು ನಿಮಿಷ ನಿಂತು ನೋಡಿ, ಹೋಗುವಾಗ ‘ಶನಿವಾರ ಕೊನೆ ಪೀರಿಯಡ್ ನೀವು ತಗೊಳ್ಳಿ’ ಅಂದರು. ನಿನ್ನೆ ಬೀರಿನ ಬೀಗದ ಕೈಯೂ ಸಿಕ್ಕಿತು. ವರಾಂಡ ಮಾತ್ರ ನಾವೇ ತೊಳೆದೆವು.

ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗನ ಅಪ್ಪ ಎಲ್ಲ ನೋಡಿ, ‘ಗಿಡಾನೇ ಗಾಳ್ಯಾಗಿಂದ ಗೊಬ್ಬರ ಮಾಡಿಕೊಂತದಂದ್ರ ನಾವು ಯೂರಿಯಾ ಯಾಕ ಹಾಕ್ಲಾಕತ್ತೀವ್ರಿ?’ ಅಂದರು. ಕೇಳಿ ಹೇಳುತ್ತೇನೆ ಅಂದಿದ್ದೇನೆ. ಜೇವರ್ಗಿ ಅಣ್ಣಾ, ಏನು ಹೇಳಲಿ?

---

ತೊಗರಿ ಹೊಲ, ಜೇವರ್ಗಿ · ಆಗಸ್ಟ್ 24, ರಾತ್ರಿ 8:10

ಅವರಿಗೆ ಹೀಗೆ ಹೇಳಿ. ಸಸಿ ಇದ್ದಾಗ ಗಂಟು ಇನ್ನೂ ಕಟ್ಟಿರುವುದಿಲ್ಲ. ಅಷ್ಟು ದಿನಕ್ಕೆ ಬಿತ್ತುವಾಗ ಹಾಕುವ ಡಿಎಪಿ ಗೊಬ್ಬರದಲ್ಲಿರುವ ನೈಟ್ರೋಜನ್ ಸಾಕು. ಆಮೇಲೆ ಮೇಲಿಂದ ಯೂರಿಯಾ ಜಾಸ್ತಿ ಸುರಿದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಮಣ್ಣಿನಲ್ಲೇ ಸಿಗುತ್ತಿದ್ದರೆ ಬ್ಯಾಕ್ಟೀರಿಯಾಕ್ಕೆ ತನ್ನ ಸಕ್ಕರೆ ಕೊಟ್ಟು ಯಾಕೆ ಸಾಕಬೇಕು? ಯೂರಿಯಾದ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ರೈಜೋಬಿಯಂ ಪಾಕೀಟು ತಂದು ಬೀಜಕ್ಕೆ ಹಚ್ಚುವುದು ಮೇಲು. ಬೆಲ್ಲದ ಪಾಕ ಆರಿಸಿ, ಅದರಲ್ಲಿ ಪುಡಿ ಕಲಸಿ, ಬೀಜಕ್ಕೆ ಲೇಪ ಮಾಡಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತವೆ.

ಶಾಲೆಯಲ್ಲಿ ಒಂದು ಮಡಿಯಷ್ಟು ಜಾಗ ಇದೆಯಾ ಮೇಡಂ? ಇದ್ದರೆ ಮುಂದಿನ ಜೂನ್‌ನಲ್ಲಿ ಮೂರು ಸಾಲು ಬಿತ್ತೋಣ. ಒಂದು ಸುಮ್ನೆ, ಒಂದು ರೈಜೋಬಿಯಂ ಹಚ್ಚಿದ್ದು, ಒಂದು ಯೂರಿಯಾ ಜಾಸ್ತಿ ಹಾಕಿದ್ದು. ಆಗಸ್ಟಿನಲ್ಲಿ ಮಕ್ಕಳೇ ಅಗೆದು ಗಂಟು ಎಣಿಸಲಿ.

---

ಸಿಬಿಝಡ್ ಅಕ್ಕೋರು, ಕಲಬುರಗಿ · ಆಗಸ್ಟ್ 24, ರಾತ್ರಿ 8:35

ನಳದ ಹಿಂದೆ ಜಾಗ ಇದೆ, ಹತ್ತು ಹೆಜ್ಜೆ ಉದ್ದ. ಈಗ ಅಲ್ಲಿ ಮುರಿದ ಬೆಂಚು ಬಿದ್ದಿವೆ. ನಾಳೆಯೇ ಕೇಳುತ್ತೇನೆ. ಪಾಕೀಟು ಎಲ್ಲಿ ಸಿಗುತ್ತದೆ?

---

ತೊಗರಿ ಹೊಲ, ಜೇವರ್ಗಿ · ಆಗಸ್ಟ್ 24, ರಾತ್ರಿ 8:41

ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಇಲ್ಲವೇ ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರದಲ್ಲಿ. ಬೇಡ ಬಿಡಿ, ನಾನೇ ತಂದುಕೊಡುತ್ತೇನೆ. ಬೆಲ್ಲ ನೀವು ತನ್ನಿ.